ಮಸುಕಾದ ಆಜ್ಞೆಗಳು: ಫೋಟೋ ತಂತ್ರಾಂಶವು ಸಹಕರಿಸದಿದ್ದಾಗ

ಸಾರಕ್ಕಿ ಮಾರುಕಟ್ಟೆಯ ಸುತ್ತಮುತ್ತಲಿನ ವರ್ತಕರಾಗಲಿ, ಜೆ.ಪಿ. ನಗರದ ಕೈಗಾರಿಕಾ ಬಡಾವಣೆಯ ಸಣ್ಣ ಉತ್ಪಾದಕರಾಗಲಿ, ಹಿಂದೆ ಲೇಬಲ್, ದರಪಟ್ಟಿ, ಕರಪತ್ರಗಳ ಕೆಲಸವನ್ನು ಸಂಪೂರ್ಣವಾಗಿ ಡಿಟಿಪಿ ಅಂಗಡಿಗೆ ಒಪ್ಪಿಸುತ್ತಿದ್ದರು. ಈಗ ಪರಿಸ್ಥಿತಿ ಬದಲಾಗಿದೆ. ಅಂತರಜಾಲ ಮಾರಾಟ ತಾಣಗಳಿಗೆ ಪ್ರತಿಯೊಂದು ಸರಕಿನ ಛಾಯಾಚಿತ್ರ ಬೇಕು; ದರ ಬದಲಾದಾಗಲೆಲ್ಲ ಲೇಬಲ್ ತಿದ್ದಬೇಕು. ಇದಕ್ಕಾಗಿ ಬಹುತೇಕ ಘಟಕಗಳಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಸಿಬ್ಬಂದಿಯೇ ಫೋಟೋಶಾಪ್ ಅಥವಾ ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶವನ್ನು ತೆರೆದು ಕುಳಿತುಕೊಳ್ಳುತ್ತಾರೆ. ಆಗ ಎದುರಾಗುವ ಮೊದಲ ದೂರು ಸಾಮಾನ್ಯವಾಗಿ ಒಂದೇ: ‘ಆಪ್ಷನ್ ಎನೇಬಲ್ ಆಗುತ್ತಿಲ್ಲ.’ ಬೇಕಾದ ಆಜ್ಞೆ ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಎಷ್ಟು ಬಾರಿ ಒತ್ತಿದರೂ ಪ್ರಯೋಜನವಿಲ್ಲ.

ಇಂತಹ ಸಂದರ್ಭದಲ್ಲಿ ತಂತ್ರಾಂಶ ಕೆಟ್ಟಿದೆ ಎಂದು ಭಾವಿಸಿ ಅದನ್ನು ತೆಗೆದು ಮತ್ತೆ ಅಳವಡಿಸುವುದು ರೂಢಿ. ಅರ್ಧ ದಿನ ಹೋಗುತ್ತದೆ, ಸಮಸ್ಯೆ ಅಲ್ಲಿಯೇ ಉಳಿಯುತ್ತದೆ. ಆಜ್ಞೆಯೊಂದು ಮಸುಕಾಗುವುದು ಹೆಚ್ಚಿನ ಸಂದರ್ಭಗಳಲ್ಲಿ ದೋಷವಲ್ಲ. ‘ಸದ್ಯದ ಸ್ಥಿತಿಯಲ್ಲಿ ಈ ಕೆಲಸ ಅನ್ವಯಿಸುವುದಿಲ್ಲ’ ಎಂದು ತಂತ್ರಾಂಶ ನೀಡುವ ಸೂಚನೆ ಅದು. ಕೆಲವೊಮ್ಮೆ ಆ ಕೆಲಸ ಈಗಾಗಲೇ ಆಗಿದೆ ಎಂಬುದೂ ಅದರ ಅರ್ಥವಾಗಿರಬಹುದು. ಗಿಂಪ್‌ನಲ್ಲಿ ‘ಆ್ಯಡ್ ಆಲ್ಫಾ ಚಾನೆಲ್’ ಮಸುಕಾಗಿದ್ದರೆ ಆ ಪದರಕ್ಕೆ ಪಾರದರ್ಶಕತೆ ಮೊದಲೇ ಸೇರಿದೆ ಎಂದೇ ತಿಳಿಯಬೇಕು. ಆದುದರಿಂದ ಕೇಳಬೇಕಾದ ಪ್ರಶ್ನೆ ‘ಯಾವುದು ಕೆಟ್ಟಿದೆ?’ ಎಂಬುದಲ್ಲ, ‘ಈ ಆಜ್ಞೆಗೆ ಯಾವ ಷರತ್ತು ಪೂರೈಸಿಲ್ಲ?’ ಎಂಬುದು.

ಅರ್ಧಕ್ಕೆ ನಿಂತ ಕೆಲಸ

ಎಲ್ಲಕ್ಕಿಂತ ಸಾಮಾನ್ಯವಾದ, ಎಲ್ಲಕ್ಕಿಂತ ಸುಲಭವಾಗಿ ನಿವಾರಣೆಯಾಗುವ ಕಾರಣದಿಂದ ಆರಂಭಿಸುವುದು ಸೂಕ್ತ. ಅಕ್ಷರಗಳನ್ನು ಬರೆಯುತ್ತಿರುವಾಗ ಅಥವಾ ಚಿತ್ರದ ಅಳತೆಯನ್ನು ಎಳೆದು ಬದಲಾಯಿಸುತ್ತಿರುವಾಗ ಅದನ್ನು ಖಾಯಂ ಮಾಡದೆ ಬಿಟ್ಟರೆ, ಫೋಟೋಶಾಪ್‌ನ ಬಹುತೇಕ ಪಟ್ಟಿಗಳು ಒಮ್ಮೆಲೇ ಮಸುಕಾಗುತ್ತವೆ. ಸಹಿ ಬೀಳದ ಚೆಕ್ಕು ಮುಂದಕ್ಕೆ ಹೋಗದಂತೆ. ಅಕ್ಷರ ಬರೆಯುತ್ತಿದ್ದರೆ ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಇಲ್ಲವೇ ಮೇಲಿನ ಪಟ್ಟಿಯಲ್ಲಿರುವ ಸರಿ ಗುರುತನ್ನು ಒತ್ತಿದರೆ ಕೆಲಸ ಖಾಯಂ ಆಗುತ್ತದೆ. ಎಸ್ಕೇಪ್ ಕೀಲಿ ಒತ್ತಿದರೆ ರದ್ದಾಗುತ್ತದೆ. ಬೇರೆ ಯಾವುದನ್ನು ಪರೀಕ್ಷಿಸುವ ಮೊದಲು ಇದನ್ನು ಮಾಡಿ ನೋಡುವುದು ಒಳ್ಳೆಯದು.

ಎರಡನೆಯದು ಪದರಗಳ ವಿಷಯ. ಕ್ಯಾಮೆರಾದಿಂದ ಬಂದ ಜೆಪೆಗ್ ಚಿತ್ರ ತೆರೆದಾಗ ಅದು ‘ಬ್ಯಾಕ್‌ಗ್ರೌಂಡ್’ ಎಂಬ ಒಂದೇ ಪದರವಾಗಿ, ಬೀಗದ ಗುರುತಿನೊಂದಿಗೆ ಬರುತ್ತದೆ. ಈ ಪದರಕ್ಕೆ ಪಾರದರ್ಶಕತೆ ಇರಲು ಸಾಧ್ಯವಿಲ್ಲವಾದ್ದರಿಂದ ‘ಒಪಾಸಿಟಿ’ ಮತ್ತು ಪದರ ಬೆರೆಸುವ ಆಯ್ಕೆಗಳು ಮಸುಕಾಗಿರುತ್ತವೆ. ಪದರಗಳ ಫಲಕದಲ್ಲಿ ಆ ಹೆಸರಿನ ಮೇಲೆ ಎರಡು ಬಾರಿ ಒತ್ತಿ ಅದನ್ನು ಸಾಮಾನ್ಯ ಪದರವನ್ನಾಗಿ ಮಾಡಿಕೊಂಡರೆ ಎಲ್ಲವೂ ಜೀವಂತವಾಗುತ್ತವೆ. ಸರಕಿನ ಹಿನ್ನೆಲೆ ತೆಗೆಯಬೇಕಾದವರಿಗೆ ಈ ಹೆಜ್ಜೆ ಅನಿವಾರ್ಯ. ಅಮೆಜಾನ್ ತಾಣವು ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆಯನ್ನು ಕೇಳುತ್ತದೆ. ಸರಕು ಚೌಕಟ್ಟಿನ ಶೇ. 85ರಷ್ಟನ್ನು ತುಂಬಿರಬೇಕೆಂದೂ, ಗ್ರಾಹಕರು ಹಿಗ್ಗಿಸಿ ನೋಡಲು ಉದ್ದದ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕೆಂದೂ ಹೇಳುತ್ತದೆ. ಬೀಗ ತೆಗೆಯದೆ ಅಳಿಸಲು ಹೋದವರಿಗೆ ಅಳಿಸಿದ ಜಾಗದಲ್ಲಿ ಪಾರದರ್ಶಕತೆಯ ಬದಲು ಯಾವುದೋ ಬಣ್ಣ ತುಂಬಿಕೊಳ್ಳುತ್ತದೆ.

ಕಣ್ಣು ಮುಚ್ಚಿದ, ಅಂದರೆ ಮರೆಮಾಡಿದ ಪದರವನ್ನು ಆಯ್ದುಕೊಂಡಿದ್ದರೂ, ಪದರಗಳ ಗುಂಪನ್ನು ಆಯ್ದುಕೊಂಡಿದ್ದರೂ ಇದೇ ತೊಂದರೆ ಕಾಣುತ್ತದೆ. ಅಕ್ಷರದ ಪದರದ ಮೇಲೆ ಕುಂಚವನ್ನಿಟ್ಟರೆ ನಿಷೇಧದ ಗುರುತು ಬರುತ್ತದೆ. ಅಲ್ಲಿ ‘ರಾಸ್ಟರೈಸ್’ ಮಾಡಬಹುದು. ಆದರೆ ಅನಂತರ ಅಕ್ಷರಗಳು ಚಿತ್ರವಾಗಿಬಿಡುತ್ತವೆ. ಗರಿಷ್ಠ ಮಾರಾಟ ಬೆಲೆ, ತಯಾರಿಕಾ ತಿಂಗಳು ಇರುವ ಪದರವನ್ನು ಹೀಗೆ ಮಾಡಿಟ್ಟವರು ಮುಂದಿನ ತಂಡದ ಲೇಬಲ್‌ಗೆ ಅಂಕಿ ತಿದ್ದಲಾಗದೆ ಮೊದಲಿನಿಂದ ಬರೆಯಬೇಕಾಗುತ್ತದೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳ) ನಿಯಮಗಳಡಿ ಲೇಬಲ್ ಮೇಲಿನ ಘೋಷಣೆಗಳು ಕಡ್ಡಾಯ. 2018ರ ಜನವರಿ 1ರಿಂದ ಇವುಗಳಲ್ಲಿ ಹೆಚ್ಚಿನವನ್ನು ಅಂತರಜಾಲ ಮಾರಾಟ ತಾಣದಲ್ಲೂ ತೋರಿಸಬೇಕು. ಅವಸರದಲ್ಲಿ ಹಳೆಯ ಬೆಲೆಯ ಮೇಲೆ ಬಿಳಿ ಬಳಿದು ಹೊಸ ಅಂಕಿ ಅಂಟಿಸುವ ಪದ್ಧತಿಯಿಂದ ಆಗುವ ತಪ್ಪು ಮುದ್ರಣಾಲಯದ ಬಿಲ್ಲಿಗೆ ಮಾತ್ರ ಸೀಮಿತವಾಗುವುದಿಲ್ಲ.

ಬಣ್ಣದ ಕ್ರಮ

ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಬಣ್ಣದ ಕ್ರಮ, ಅಂದರೆ ‘ಇಮೇಜ್’ ಪಟ್ಟಿಯಲ್ಲಿರುವ ‘ಮೋಡ್’. ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಸಾಂಬಾರ ಪುಡಿ ತಯಾರಿಸುವ ಘಟಕವೊಂದು ತನ್ನ ಹಳೆಯ ಜಾಲತಾಣದಿಂದ ಲಾಂಛನವನ್ನು ತೆಗೆದುಕೊಂಡು ಹೊಸ ಪೊಟ್ಟಣಕ್ಕೆ ಸೇರಿಸಲು ಯತ್ನಿಸುತ್ತದೆ. ಕಡತ ತೆರೆಯುತ್ತದೆ, ಆದರೆ ಹೊಸ ಪದರ ಸೇರಿಸುವ ಆಜ್ಞೆಯೂ ಇಲ್ಲ, ಫಿಲ್ಟರ್‌ಗಳೂ ಇಲ್ಲ, ಎಲ್ಲವೂ ಬೂದು. ಕಾರಣ, ಆ ಕಡತ ಜಿಫ್ ರೂಪದಲ್ಲಿದ್ದು ‘ಇಂಡೆಕ್ಸ್ಡ್ ಕಲರ್’ ಕ್ರಮದಲ್ಲಿದೆ. ಈ ಕ್ರಮದಲ್ಲಿ ಗರಿಷ್ಠ 256 ಬಣ್ಣಗಳ ಪಟ್ಟಿಯೊಂದೇ ಇರುತ್ತದೆ. ಪದರ ಬೆರೆಸಲು, ಮಸುಕು ಮಾಡಲು ಬೇಕಾಗುವ ನಡುವಿನ ಬಣ್ಣಗಳಿಗೆ ಅಲ್ಲಿ ಸ್ಥಾನವಿಲ್ಲ. ‘ಮೋಡ್’ ಅನ್ನು ‘ಆರ್‌ಜಿಬಿ ಕಲರ್’ಗೆ ಬದಲಿಸಿದ ಕೂಡಲೇ ಆಜ್ಞೆಗಳು ಮರಳುತ್ತವೆ. ಗಿಂಪ್‌ನಲ್ಲೂ ಇದೇ ದಾರಿ. ಆದರೆ ಕಳೆದುಹೋದ ಬಣ್ಣಗಳು ಇದರಿಂದ ಹಿಂದಿರುಗುವುದಿಲ್ಲ. ಮೂಲ ಕಡತ ದೊರೆಯುವುದಾದರೆ ಅದನ್ನೇ ಬಳಸುವುದು ಲೇಸು.

ಮುದ್ರಣಾಲಯಗಳು ಕೇಳುವುದು ‘ಸಿಎಂವೈಕೆ’ ಕ್ರಮವನ್ನು, ಅಂದರೆ ನಾಲ್ಕು ಶಾಯಿಗಳ ಲೆಕ್ಕವನ್ನು. ಇದರಿಂದಾಗಿ ಅನೇಕರು ಮೊದಲಿನಿಂದಲೇ ಈ ಕ್ರಮದಲ್ಲಿ ಕೆಲಸ ಆರಂಭಿಸುತ್ತಾರೆ. ಆಗ ಫೋಟೋಶಾಪ್‌ನ ‘ಫಿಲ್ಟರ್ ಗ್ಯಾಲರಿ’, ‘ವೈಬ್ರೆನ್ಸ್’, ‘ಬ್ಲ್ಯಾಕ್ ಆ್ಯಂಡ್ ವೈಟ್’ ಮೊದಲಾದವು ಲಭ್ಯವಾಗುವುದಿಲ್ಲ. ಅವುಗಳಿಗಾಗಿ ಆರ್‌ಜಿಬಿಗೆ ಹೋಗಿ, ಮತ್ತೆ ಹಿಂದಿರುಗಿ, ಹೀಗೆ ಎರಡು ಮೂರು ಬಾರಿ ಓಡಾಡಿದರೆ ಬಣ್ಣಗಳು ಪ್ರತಿ ಬಾರಿಯೂ ಸ್ವಲ್ಪ ಬದಲಾಗುತ್ತವೆ. ಕೇವಲ ಕಪ್ಪು ಶಾಯಿಯಲ್ಲಿ ಬೀಳಬೇಕಾದ ಸಣ್ಣ ಅಕ್ಷರಗಳು ನಾಲ್ಕು ಶಾಯಿಗಳ ಮಿಶ್ರಣವಾಗಿ ಮಾರ್ಪಡುತ್ತವೆ. ಮುದ್ರಣದಲ್ಲಿ ಕೂದಲೆಳೆಯಷ್ಟು ಸರಿದರೂ ಪದಾರ್ಥಗಳ ಪಟ್ಟಿ ಓದಲಾಗದಂತಾಗುತ್ತದೆ. ಸರಿಯಾದ ಕ್ರಮವೆಂದರೆ ಚಿತ್ರದ ಎಲ್ಲ ತಿದ್ದುಪಡಿಯನ್ನೂ ಆರ್‌ಜಿಬಿಯಲ್ಲಿ ಮುಗಿಸಿ, ಕಡತದ ನಕಲೊಂದನ್ನು ಮಾಡಿ, ಆ ನಕಲನ್ನು ಮಾತ್ರ ಕೊನೆಯಲ್ಲಿ ಒಮ್ಮೆ ಪರಿವರ್ತಿಸಿ, ಅಕ್ಷರಗಳನ್ನು ಅದರಲ್ಲಿ ಕಪ್ಪು ಶಾಯಿಯಲ್ಲಿ ಬರೆಯುವುದು.

ಬಿಟ್‌ಗಳ ಸಂಖ್ಯೆಯೂ ಇದೇ ಪಟ್ಟಿಯಲ್ಲಿದೆ. ಒಳ್ಳೆಯ ಕ್ಯಾಮೆರಾದ ಕಚ್ಚಾ ಕಡತ 16 ಬಿಟ್‌ನಲ್ಲಿ ತೆರೆದುಕೊಂಡಿದ್ದರೆ ‘ಫಿಲ್ಟರ್ ಗ್ಯಾಲರಿ’ ಮಸುಕಾಗಿರುತ್ತದೆ. 8 ಬಿಟ್‌ಗೆ ಇಳಿಸಿದರೆ ಸರಿಹೋಗುತ್ತದೆ.

ಕನ್ನಡ ಲೇಬಲ್‌ನ ತೊಡಕು

ಕನ್ನಡದಲ್ಲಿ ಲೇಬಲ್ ಸಿದ್ಧಪಡಿಸುವವರಿಗೆ ಮತ್ತೊಂದು ತೊಂದರೆಯಿದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನಿಟ್ಟು ಕೆಲಸ ಮಾಡುತ್ತಿದ್ದುದರಿಂದ ಯಾವ ತಂತ್ರಾಂಶದಲ್ಲಾದರೂ ಸರಿಯಾಗಿ ಕಾಣುತ್ತಿದ್ದವು. ಯೂನಿಕೋಡ್ ಕನ್ನಡಕ್ಕೆ ಮಾತ್ರ ಒತ್ತಕ್ಷರಗಳನ್ನು ಜೋಡಿಸಬಲ್ಲ ಪಠ್ಯ ವ್ಯವಸ್ಥೆ ಬೇಕು. ಅದು ಇಲ್ಲದಿದ್ದರೆ ‘ಅಕ್ಕಿ’ ಎಂಬುದು ಬಿಡಿಬಿಡಿಯಾಗಿ, ಅರ್ಧಾಕ್ಷರದ ಗುರುತಿನೊಂದಿಗೆ ಬೀಳುತ್ತದೆ. ಅನೇಕ ಆವೃತ್ತಿಗಳಲ್ಲಿ ‘ಪ್ರಿಫರೆನ್ಸಸ್’ ಒಳಗಿನ ‘ಟೈಪ್’ ವಿಭಾಗದಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಎಂಬುದನ್ನು ಆರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಹೊಸ ಕಡತದಲ್ಲಿ ಬರೆಯಬೇಕು. ‘ವರ್ಲ್ಡ್ ರೆಡಿ ಲೇಔಟ್’ ಕಾಣುತ್ತಿಲ್ಲ ಎಂಬ ದೂರಿಗೂ ಈ ಆವೃತ್ತಿಗಳಲ್ಲಿ ಇದೇ ಉತ್ತರ. ಹೊರಗಿನ ವಿನ್ಯಾಸಕಾರರಿಂದ ಕೆಲಸ ಮಾಡಿಸುವವರು ಅಂತಿಮ ಜೆಪೆಗ್ ಜೊತೆಗೆ ಪದರಗಳಿರುವ ಪಿಎಸ್‌ಡಿ ಕಡತವನ್ನೂ, ಬಳಸಿದ ಅಕ್ಷರಶೈಲಿಯ ಹೆಸರನ್ನೂ ಕೇಳಿ ಪಡೆಯುವುದು ಕ್ಷೇಮ. ಜೆಪೆಗ್ ಒಂದನ್ನೇ ಪಡೆದವರಿಗೆ ಒಂದು ಅಕ್ಷರ ತಿದ್ದಲೂ ಅದೇ ವಿನ್ಯಾಸಕಾರರ ಬಾಗಿಲಿಗೆ ಹೋಗಬೇಕಾಗುತ್ತದೆ.

ಯಂತ್ರ ಮತ್ತು ಪರವಾನಗಿ

ಮೇಲಿನ ಯಾವುದೂ ಅನ್ವಯಿಸದಿದ್ದರೆ ಮಾತ್ರ ಯಂತ್ರದ ಕಡೆ ನೋಡಬೇಕು. ಎಸ್.ಪಿ. ರಸ್ತೆಯಿಂದ ತಂದ ಹಳೆಯ ಗಣಕಯಂತ್ರದಲ್ಲಿ ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಎಂಬ ಆಯ್ಕೆಯೇ ಮಸುಕಾಗಿರಬಹುದು. ಆಗ ಅದನ್ನು ಅವಲಂಬಿಸಿದ ಸೌಲಭ್ಯಗಳೂ ಇರುವುದಿಲ್ಲ. ಮೊದಲು ಗ್ರಾಫಿಕ್ಸ್ ಚಾಲಕ ತಂತ್ರಾಂಶವನ್ನು ತಯಾರಕರ ತಾಣದಿಂದ ನವೀಕರಿಸಬೇಕು. ಫೋಟೋಶಾಪ್‌ನ 3ಡಿ ಆಜ್ಞೆಗಳನ್ನು ಹುಡುಕುವವರು ಆ ಶ್ರಮವನ್ನು ಬಿಡಬಹುದು. 2021ರಿಂದ ಅಡೋಬಿ ಸಂಸ್ಥೆಯೇ ಅವುಗಳನ್ನು ಹಂತಹಂತವಾಗಿ ಕೈಬಿಟ್ಟಿದೆ. ಕೊನೆಯ ಉಪಾಯವಾಗಿ, ವಿಂಡೋಸ್‌ನಲ್ಲಿ ತಂತ್ರಾಂಶ ಆರಂಭವಾಗುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಹಿಡಿದು ವ್ಯವಸ್ಥೆಗಳನ್ನು ಮೂಲಸ್ಥಿತಿಗೆ ತರಬಹುದು. ಪ್ರತ್ಯೇಕವಾಗಿ ಉಳಿಸಿಡದ ಸ್ವಂತ ವ್ಯವಸ್ಥೆಗಳು ಇದರಿಂದ ಹೋಗಬಹುದೆಂಬುದನ್ನು ಮರೆಯಬಾರದು.

ಉಳಿದದ್ದು ಪರವಾನಗಿ. 2013ರಲ್ಲಿ ಅಡೋಬಿ ತನ್ನ ಮುಂದಿನ ಆವೃತ್ತಿಗಳನ್ನು ಚಂದಾ ಪದ್ಧತಿಗೆ ತಂದಿತು. ಚಂದಾ ಅವಧಿ ಮುಗಿದಾಗ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರಗಳ ಭಂಡಾರ ತೆರೆಯುತ್ತದೆ, ತಿದ್ದುವ ‘ಡೆವಲಪ್’ ವಿಭಾಗ ಮಾತ್ರ ನಿಲ್ಲುತ್ತದೆ. ಖಾತೆಗೆ ಪ್ರವೇಶಿಸದೆ ಫೋಟೋಶಾಪ್‌ನ ‘ನ್ಯೂರಲ್ ಫಿಲ್ಟರ್ಸ್’ ಮೊದಲಾದ ಅಂತರಜಾಲ ಆಧಾರಿತ ಸೌಲಭ್ಯಗಳು ದೊರೆಯುವುದಿಲ್ಲ. ಯಾರೋ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಟ್ಟ ನಕಲಿ ಪ್ರತಿಯಲ್ಲಿ ಇವು ಮಸುಕಾಗಿರುವುದಕ್ಕೆ ಇದೂ ಒಂದು ಕಾರಣ. ಅದಕ್ಕೆ ತಾಂತ್ರಿಕ ಪರಿಹಾರ ಹುಡುಕುವುದು ವ್ಯರ್ಥ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದಂತೆ ನಕಲಿ ಗಣಕ ಕ್ರಮವಿಧಿಯನ್ನು ತಿಳಿದೂ ಬಳಸುವುದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ವ್ಯಾಪಾರಕ್ಕಾಗಿ ಬಳಸದವರಿಗೆ ನ್ಯಾಯಾಲಯ ತೋರಬಹುದಾದ ರಿಯಾಯಿತಿ ವರ್ತಕರಿಗೆ ದೊರೆಯುವುದಿಲ್ಲ.

ತಿಂಗಳಿಗೆ ಒಂದೆರಡು ಲೇಬಲ್ ತಿದ್ದುವ ಘಟಕಕ್ಕೆ ಚಂದಾ ಹೊರೆಯೆನಿಸಿದರೆ ಗಿಂಪ್ ಸಾಕು. ವಾಣಿಜ್ಯ ಬಳಕೆಗೂ ಅದಕ್ಕೆ ಶುಲ್ಕವಿಲ್ಲ. ಚಂದಾ ಪಡೆಯುವವರು ಖರೀದಿಯ ಸಮಯದಲ್ಲಿಯೇ ಘಟಕದ ಹೆಸರು ಮತ್ತು ಜಿಎಸ್‌ಟಿ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಮಾಲೀಕರ ಮಗನ ಖಾಸಗಿ ಮಿಂಚಂಚೆ ವಿಳಾಸದಲ್ಲಿ, ಅವನ ಸ್ವಂತ ಕಾರ್ಡಿನಿಂದ ಕೊಂಡ ಚಂದಾಕ್ಕೆ ಘಟಕದ ಹೆಸರಿನ ತೆರಿಗೆ ಬಿಲ್ಲು ಇರುವುದಿಲ್ಲ. ಆಗ ಕಟ್ಟಿದ ತೆರಿಗೆಯ ಜಮೆಯನ್ನು ಪಡೆಯಲಾಗದು, ವರ್ಷಾಂತ್ಯದ ಲೆಕ್ಕ ತಪಾಸಣೆಯಲ್ಲಿ ಆ ವೆಚ್ಚವನ್ನು ವ್ಯವಹಾರದ್ದೆಂದು ತೋರಿಸುವುದೂ ಕಷ್ಟವಾಗುತ್ತದೆ.