ಕಾರ್ಡಿನಿಂದ ಖಾತೆಗೆ: ನಡುವೆ ಹಣ ಎಲ್ಲಿರುತ್ತದೆ?

ಪೋಸ್ಟ್‌ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು ವಿ.ಪಿ.ಪಿ. ಮೂಲಕ ಪುಸ್ತಕ ತರಿಸಿಕೊಳ್ಳುತ್ತಿದ್ದ ಓದುಗರು ಹಣ ಕೊಡುತ್ತಿದ್ದದ್ದು ಅಂಚೆಯಣ್ಣನ ಕೈಗೆ. ಅದು ಮನಿಯಾರ್ಡರಾಗಿ ಪ್ರಕಾಶಕರ ಮನೆ ಸೇರುತ್ತಿತ್ತು. ಒಬ್ಬರ ಮುಖ ಇನ್ನೊಬ್ಬರು ಕಾಣದ ವ್ಯಾಪಾರಕ್ಕೆ ಅಂಚೆ ಇಲಾಖೆಯೇ ಜಾಮೀನು. ಈಚೆಗೆ ಸಣ್ಣ ಪ್ರಕಾಶಕರೊಬ್ಬರು ತಮ್ಮ ವೆಬ್‌ಸೈಟಿಗೆ ಕ್ರೆಡಿಟ್ ಕಾರ್ಡ್ ಪಾವತಿ ಜೋಡಿಸಲು ನನ್ನ ನೆರವು ಕೇಳಿದರು. ಜೊತೆಗೆ ಕೂತಷ್ಟೂ ದಿನ ಆ ಅಂಚೆಯಣ್ಣನೇ ನೆನಪಾಗುತ್ತಿದ್ದ.

ಈಗ ಅವನ ಜಾಗದಲ್ಲಿರುವುದು ಪೇಮೆಂಟ್ ಅಗ್ರಿಗೇಟರ್. ಅವುಗಳಲ್ಲೊಂದಾದ ರೇಜರ್‌ಪೇ ನಮ್ಮ ಬೆಂಗಳೂರಿನಲ್ಲೇ ಬೆಳೆಯಿತು. ಯಾರು ಬೇಕಾದರೂ ಈ ಅಂಗಡಿ ತೆರೆಯುವಂತಿಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅರ್ಜಿ ಹಾಕುವಾಗ 15 ಕೋಟಿ ರೂಪಾಯಿ ನಿವ್ವಳ ಮೌಲ್ಯ ಇರಬೇಕು, ಮುಂದೆ ಅದು 25 ಕೋಟಿಗೆ ಏರಬೇಕು. ಗ್ರಾಹಕರ ಹಣವನ್ನು ಸ್ವಂತ ಹಣದ ಜೊತೆ ಬೆರೆಸದೆ ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ ಇಡಬೇಕು. ಓದುಗರು ಗುಂಡಿ ಒತ್ತಿದ ಮೇಲೆ ಒಂದೆರಡು ದಿನ ಹಣ ತಂಗುವುದು ಅಲ್ಲೇ.

ಅಗ್ರಿಗೇಟರ್ ಬಳಿ ವ್ಯಾಪಾರಿಯಾಗಿ ಸೇರಲು ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಕೊಡುವುದು ಅರ್ಧ ದಿನದ ಕೆಲಸ. ತಡವಾದದ್ದು ವೆಬ್‌ಸೈಟಿನ ಪುಟಗಳಿಂದ. ಸಂಪರ್ಕ, ಖಾಸಗಿತನ, ರವಾನೆ, ಹಣ ವಾಪಸಾತಿ ಇವೆಲ್ಲದರ ವಿವರ ಇಲ್ಲದಿದ್ದರೆ ಅರ್ಜಿ ಮುಂದೆ ಹೋಗದು. ಬೇರೆಲ್ಲಿಂದಲೋ ನಕಲು ಮಾಡಿ ಹಾಕಿಬಿಡೋಣ ಎಂದರು ಪ್ರಕಾಶಕರು. ನಾನು ಒಪ್ಪಲಿಲ್ಲ. ಪುಸ್ತಕ ಬಂದಿಲ್ಲವೆಂದು ಓದುಗರು ತಮ್ಮ ಬ್ಯಾಂಕಿಗೆ ದೂರಿ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣ ವಾಪಸು, ಕೇಳಿದರೆ, ವ್ಯಾಪಾರಿಯ ಪರವಾಗಿ ಮಾತಾಡುವುದು ರವಾನೆ, ವಾಪಸಾತಿಯ ಪುಟ ಮತ್ತು ಅಂಚೆ ರಸೀದಿ, ಇವೆರಡೇ. ಎಷ್ಟು ದಿನಕ್ಕೆ ಪುಸ್ತಕ ತಲುಪುತ್ತದೆ, ಹಾಳೆ ಹರಿದಿದ್ದರೆ ಏನು ಮಾಡಬೇಕು ಎಂಬುದನ್ನು ಅವರೇ ಕೂತು ಕನ್ನಡದಲ್ಲಿ ಬರೆದರು.

ಹೊಸಬರು ಎಡವುವುದು ಕಾರ್ಡ್ ಸಂಖ್ಯೆಯ ವಿಷಯದಲ್ಲಿ. ತಮ್ಮ ಪುಟದಲ್ಲೇ ಹದಿನಾರು ಅಂಕಿ ಬರೆಸಿಕೊಳ್ಳುವ ಆಸೆ. ಆ ಅಂಕಿಗಳಲ್ಲೊಂದು ಚೆಲುವಾದ ಗಣಿತವಿದೆ ನಿಜ. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1960ರಲ್ಲಿ ಪೇಟೆಂಟ್ ಪಡೆದ ಸೂತ್ರ ಅದು. ಬಲದಿಂದ ಎಣಿಸುತ್ತ ಎರಡನೆಯ, ನಾಲ್ಕನೆಯ ಹೀಗೆ ಒಂದು ಬಿಟ್ಟೊಂದು ಅಂಕಿಯನ್ನು ಇಮ್ಮಡಿಸಿ, ಒಂಬತ್ತನ್ನು ಮೀರಿದರೆ ಒಂಬತ್ತು ಕಳೆದು, ಎಲ್ಲ ಕೂಡಿಸಿದರೆ ಮೊತ್ತ ಹತ್ತರಿಂದ ಭಾಗವಾಗಬೇಕು. ಪರೀಕ್ಷೆಗೆಂದೇ ಬಳಸುವ 4111 1111 1111 1111 ಸಂಖ್ಯೆಯನ್ನು ಹೀಗೆ ಕೂಡಿಸಿದರೆ 30 ಬರುತ್ತದೆ. ಆದರೆ ಇದು ಹಿಡಿಯುವುದು ಬೆರಳು ತಪ್ಪನ್ನು, ಕಳ್ಳನನ್ನಲ್ಲ. 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ವೀಸಾ, ರುಪೇ ತರಹದ ಜಾಲಗಳ ಹೊರತು ಯಾರೂ ಪೂರ್ತಿ ಸಂಖ್ಯೆಯನ್ನು ಕೂಡಿಡುವಂತಿಲ್ಲ. ಉಳಿದವರಿಗೆ ಸಿಗುವುದು ಆ ಸಂಖ್ಯೆಯ ಬದಲಿಗೆ ನಿಲ್ಲುವ ಟೋಕನ್ ಮಾತ್ರ. ಸಣ್ಣವರ ಪಾಲಿಗೆ ಇಷ್ಟು ಹಿತವಾದ ನಿಯಮ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ. ಕಾರ್ಡ್ ವಿವರವನ್ನು ಅಗ್ರಿಗೇಟರ್‌ನ ಪುಟವೇ ಬರೆಸಿಕೊಳ್ಳಲಿ. ಇಲ್ಲದ ಗಂಟನ್ನು ಯಾರು ತಾನೆ ಕದ್ದಾರು?

ಲೆಕ್ಕಕ್ಕೆ ಬರೋಣ. 2,500 ರೂಪಾಯಿಯ ಸಂಪುಟಗಳಿಗೆ ಕ್ರೆಡಿಟ್ ಕಾರ್ಡಿನಲ್ಲಿ ಹಣ ಬಂದರೆ, 2% ದರದಲ್ಲಿ ಶುಲ್ಕ 50 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ 9 ರೂಪಾಯಿ. ಕೈಗೆ ಬರುವುದು 2,441. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದ್ದರಿಂದಲೇ ಬರೀ ಪುಸ್ತಕ ಮಾರುವವರು ಆ ಒಂಬತ್ತು ರೂಪಾಯಿಯನ್ನು ಯಾವ ತೆರಿಗೆಯಲ್ಲೂ ವಜಾ ಮಾಡಿಕೊಳ್ಳಲಾರರು. ಪುಸ್ತಕದ ಮೇಲಿಲ್ಲದ ತೆರಿಗೆ ಹೀಗೆ ಹಿತ್ತಿಲ ಬಾಗಿಲಿನಿಂದ ಬರುವುದು ಸರಿಯಲ್ಲ. 2,000 ರೂಪಾಯಿವರೆಗಿನ ಕಾರ್ಡ್ ಪಾವತಿಗೆ ಅಗ್ರಿಗೇಟರ್‌ಗಳಿಗೂ ವಿನಾಯಿತಿ ಉಂಟೆಂದು ಜಿಎಸ್‌ಟಿ ಮಂಡಳಿ 2024ರ ಡಿಸೆಂಬರಿನಲ್ಲಿ ಹೇಳಿದೆ, ಬಿಲ್ಲನ್ನು ಕಣ್ಣಿಟ್ಟು ನೋಡಬೇಕು.

ವಿದೇಶಿ ಕಾರ್ಡಿನ ದಾರಿ ಬೇರೆ. ಅದಕ್ಕೆ ಪ್ರತ್ಯೇಕ ಅನುಮತಿ ಬೇಕು, ಶುಲ್ಕವೂ ಹೆಚ್ಚು. ನಮ್ಮ ಕಾರ್ಡುಗಳ ಆನ್‌ಲೈನ್ ಪಾವತಿಗೆ 2009ರ ಆಗಸ್ಟ್‌ನಿಂದ ಎರಡನೆಯ ದೃಢೀಕರಣ ಕಡ್ಡಾಯ. ಹೊರದೇಶದ ಎಷ್ಟೋ ಕಾರ್ಡುಗಳು ಒಟಿಪಿ ಕೇಳುವುದೇ ಇಲ್ಲ. ಅಮೆರಿಕದ ಕನ್ನಡಿಗರಿಂದ ಬಂದ ದೊಡ್ಡ ಆರ್ಡರಿಗೆ ಒಂದು ಮಿಂಚಂಚೆ ಬರೆದು ಖಚಿತ ಮಾಡಿಕೊಂಡೇ ಕಟ್ಟು ಕಟ್ಟುವುದು ಲೇಸು.

ಎಲ್ಲ ಸಜ್ಜಾಯಿತೆಂದುಕೊಂಡ ವಾರವೇ ಓದುಗರೊಬ್ಬರ ಫೋನು ಬಂತು. ಹಣ ಕಡಿತವಾಗಿದೆ, ಆರ್ಡರ್ ಮಾತ್ರ ಕಾಣುತ್ತಿಲ್ಲ. ಒಟಿಪಿ ಹಾಕಿದ ಕ್ಷಣಕ್ಕೇ ಅವರ ಊರಿನಲ್ಲಿ ನೆಟ್‌ವರ್ಕ್ ಹೋಗಿ, ಯಶಸ್ಸಿನ ಸುದ್ದಿ ಅವರ ಮೊಬೈಲಿನಿಂದ ನಮ್ಮ ಪುಟಕ್ಕೆ ಮರಳಿರಲಿಲ್ಲ. ಅಗ್ರಿಗೇಟರ್‌ನ ಸರ್ವರ್ ನೇರವಾಗಿ ನಮ್ಮ ಸರ್ವರಿಗೆ ಸುದ್ದಿ ಮುಟ್ಟಿಸುವ ವೆಬ್‌ಹುಕ್ ಇರುವುದೇ ಇದಕ್ಕೆ. ಅದನ್ನು ಜೋಡಿಸದೇ ಬಿಟ್ಟ ತಪ್ಪು ನನ್ನದು. ವ್ಯಾಪಾರಿಗೆ ಖಚಿತ ಸುದ್ದಿ ತಲುಪದಿದ್ದರೆ ಐದು ದಿನದೊಳಗೆ ಹಣ ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕ್ ನಿಯಮ 2019ರಿಂದ ಇದೆ. ಆದರೆ ಆ ಓದುಗರಿಗೆ ಬೇಕಿದ್ದದ್ದು ಪುಸ್ತಕ. ಪ್ರಕಾಶಕರು ಅಗ್ರಿಗೇಟರ್ ಪಟ್ಟಿಯಲ್ಲಿ ಮೊತ್ತ ಹುಡುಕಿ, ರವಾನೆ ಪುಸ್ತಕದಲ್ಲಿ ಕೈಯಿಂದಲೇ ಒಂದು ಸಾಲು ಬರೆದುಕೊಂಡು, ತಿರುಗಿ ಫೋನು ಮಾಡಿದರು: "ನಿಮ್ಮ ಹಣ ಬಂದಿದೆ. ನಾಳೆ ಬೆಳಗ್ಗೆ ಅಂಚೆಗೆ ಹಾಕುತ್ತೇನೆ."

ಆ ರಾತ್ರಿ ವೆಬ್‌ಹುಕ್ ಜೋಡಿಸಿದೆ. ಅಗ್ರಿಗೇಟರ್ ಪಟ್ಟಿಯನ್ನೂ ರವಾನೆ ಪುಸ್ತಕವನ್ನೂ ದಿನಾ ಸಂಜೆ ತಾಳೆ ನೋಡುವುದನ್ನು ಮಾತ್ರ ಅವರು ಈಗಲೂ ಬಿಟ್ಟಿಲ್ಲ.