ಹಳೆಯ ಅಂಬಾಸಿಡರ್ ಕೊಳ್ಳುವ ಮುನ್ನ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಈಗ ಸಿಗುವುದೆಲ್ಲ ಹಳೆಯದೇ. ಮದುವೆ ಬಾಡಿಗೆಗೆಂದು ಸಾಲ ಮಾಡಿ ಕೊಳ್ಳುವವರು ಹೊಸ ಬಣ್ಣ ನೋಡಿ ಮುಂಗಡ ಕೊಡಬೇಡಿ. ಕಾಯಿಲೆ ಇರುವುದು ಎಂಜಿನ್ನಿನ ಹೊಟ್ಟೆಯೊಳಗೆ.

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಅದಕ್ಕೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು, ಹೆಡ್ಡೇ ಬಿರುಕು ಬಿಟ್ಟಿರಬಹುದು.

ಸದ್ದಿಲ್ಲವೆಂದು ನಂಬಬೇಡಿ. ಬೇರಿಂಗ್ ಸವೆದ ಎಂಜಿನ್ನಿಗೆ ಗಟ್ಟಿ ಆಯಿಲ್ ಸುರಿದರೆ ಬಡಿತ ಕೆಲದಿನ ಅಡಗಿರುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿ ಲೆಡ್ಜರ್ ತಾಳೆಯಾಗುವುದನ್ನು ಬ್ಯಾಂಕಿನಲ್ಲಿ ಕಂಡವನು ನಾನು!

ನಿಜ ಹೇಳುವುದು ಕಂಪ್ರೆಷನ್ ಗೇಜು. ಪೆಟ್ರೋಲ್ ಕಾರಾದರೆ, ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿಸಿ, ಒಂದೊಂದೇ ಸಿಲಿಂಡರಿನ ಒತ್ತಡ ಬರೆದುಕೊಳ್ಳಿ. ನಾಲ್ಕೂ ಹೆಚ್ಚುಕಡಿಮೆ ಸಮವಿರಬೇಕು. ಒಂದು ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿಸಿ. ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವಿನ ಮೇಲೆ ಅನುಮಾನ. ಅಕ್ಕಪಕ್ಕದ ಎರಡೂ ಕಡಿಮೆಯಿದ್ದರೆ ನಡುವಿನ ಗ್ಯಾಸ್ಕೆಟ್ ಹೋಗಿರುವುದೇ ಹೆಚ್ಚು.

ಗ್ಯಾಸ್ಕೆಟ್ ಸಣ್ಣ ಖರ್ಚು. ಬೋರ್ ಮಾಡಿಸಿ ಕ್ರಾಂಕ್ ಗ್ರೈಂಡ್ ಮಾಡಿಸುವುದು ಹಾಗಲ್ಲ. ಗೇಜು ಹಾಕಲು ಮಾರುವವರು ಒಪ್ಪದಿದ್ದರೆ, ಕೊಟ್ಟ ಚಹಾ ಕುಡಿದು ಎದ್ದು ಬನ್ನಿ.