ಕಪ್ಪೆಲ್ಲ ಮಸಿಯಲ್ಲ

ನಮ್ಮ ಈಶ್ವರಮಂಗಲದ ಕಡೆ ‘ಶಾಯಿ’ ಎಂಬುದು ಪುಸ್ತಕದ ಮಾತು. ಪಾರಸಿಯ ‘ಸಿಯಾಹಿ’ ಸವೆದು ಬಂದ ಶಬ್ದವದು. ಬಳಕೆಯ ಮಾತು ‘ಮಸಿ’. ಪಾತ್ರೆಯ ತಳಕ್ಕೆ ಹಿಡಿದದ್ದೂ ಮಸಿ, ಲೇಖನಿಯಿಂದ ಇಳಿಯುವುದೂ ಮಸಿ. ಈ ಎರಡಕ್ಕೂ ಒಂದೇ ಹೆಸರಿರುವುದು ಆಕಸ್ಮಿಕವಲ್ಲ. ದೀಪದ ಕಾಡಿಗೆಯನ್ನು ಗೋಂದು, ಅರಗು ಮೊದಲಾದುವುಗಳ ದ್ರವದಲ್ಲಿ ಅರೆದು ಹಿಂದಿನವರು ಬರೆಯುವ ಮಸಿಯನ್ನು ಮಾಡಿಕೊಳ್ಳುತ್ತಿದ್ದರು. ತಾಳೆಯೋಲೆಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳು ಕಾಣಿಸಲೆಂದು ತಿಕ್ಕುತ್ತಿದ್ದುದೂ ಕಾಡಿಗೆಯನ್ನೇ. ತನ್ನ ಮಸಿ ಯಾವುದರಿಂದ ಆದುದೆಂದು ಬರೆಯುವವನಿಗೆ ಗೊತ್ತಿರುತ್ತಿತ್ತು. ಇಂದು ಮನೆಯ ಪ್ರಿಂಟರಿಗೆ ಹಾಕುವ ಮಸಿಯ ಮಟ್ಟಿಗೆ ಆ ತಿಳಿವಳಿಕೆ ನಮಗಿಲ್ಲ. ಇಲ್ಲದುದರ ಫಲವನ್ನು ನಾನು ಒಂದು ಆಟಿ ತಿಂಗಳಲ್ಲಿ ಉಂಡೆ.

ಅಜ್ಜನ ಕಾಲದ ಯಕ್ಷಗಾನ ಪ್ರಸಂಗವೊಂದರ ಕೈಬರೆಹವನ್ನು ಕಂಪ್ಯೂಟರಿಗೆ ಇಳಿಸಿ, ಮನೆಯಲ್ಲೇ 80 ಪುಟಗಳನ್ನು ಅಚ್ಚು ತೆಗೆದಿದ್ದೆ. ಪ್ರಿಂಟರಿನಲ್ಲಿದ್ದ ಕಾರ್ಟ್ರಿಜ್ ಆ ಯಂತ್ರದ ಕಂಪೆನಿಯದಲ್ಲ. ಅದಕ್ಕೆ ಹೊಂದುವಂತೆ ಬೇರೆಯವರು ತಯಾರಿಸಿದ್ದು. ಬೆಲೆ ಮೂರರಲ್ಲಿ ಒಂದು ಪಾಲು. “ಕಪ್ಪು ಕಪ್ಪೇ ಅಲ್ವಾ ಸರ್” ಎಂದಿದ್ದ ಅಂಗಡಿಯ ಹುಡುಗ. ನನಗೂ ಹಾಗೆಯೇ ಕಂಡಿತು. ವಯೋವೃದ್ಧರಾದ ಭಾಗವತರೊಬ್ಬರು ಆ ಪುಟಗಳನ್ನು ನನ್ನಿಂದ ಓದಿಸಿ, ರಾಗತಾಳಗಳನ್ನು ತಿದ್ದಿ ಹೇಳಿದರು. ಅವನ್ನೆಲ್ಲ ಸಾಲುಗಳ ನಡುವೆ ಫೌಂಟನ್ ಪೆನ್ನಿನಿಂದ ಬರೆದುಕೊಂಡೆ. ಮುಂದಿನ ಮಳೆಗಾಲದಲ್ಲಿ ಹಂಚು ಜಾರಿ ಕಪಾಟಿನೊಳಕ್ಕೆ ನೀರಿಳಿಯಿತು. ತೆರೆದು ನೋಡಿದರೆ, ಪುಟಗಳು ನೇರಳೆ ಹಣ್ಣು ಒರಸಿದ ಬಟ್ಟೆಯಂತಾಗಿದ್ದವು. ಪಕ್ಕದಲ್ಲಿಯೇ ನೆನೆದಿದ್ದ ಹಳೆಯ ಕೈಬರೆಹದ ಅಂಚು ಕಂದಿತ್ತು, ಅಕ್ಷರ ಕದಲಿರಲಿಲ್ಲ. ಪ್ರಸಂಗದ ಪಾಠವೇನೋ ಕಂಪ್ಯೂಟರಿನಲ್ಲಿತ್ತು. ತಿದ್ದುಪಡಿಗಳು ಬೇರೆಲ್ಲಿಯೂ ಇರಲಿಲ್ಲ. ಭಾಗವತರೂ ಅಷ್ಟರಲ್ಲಿ ತೀರಿಕೊಂಡಿದ್ದರು.

ಅಗ್ಗದ ಕಾರ್ಟ್ರಿಜ್ಜನ್ನು ಮನಸಾರೆ ಬೈದೆ. ಆದರೆ ನನ್ನ ಪೆನ್ನಿನ ಮಸಿ ಹೆಸರಾಂತ ಕಂಪೆನಿಯ ಅಸಲಿ ಮಸಿ. ಅದೂ ಕೊಚ್ಚಿಹೋಗಿತ್ತಲ್ಲ! ಆಗ ವಿಷಯವನ್ನು ಬೇರೆ ಕಡೆಯಿಂದ ನೋಡಬೇಕಾಯಿತು.

ಪ್ರಿಂಟರಿನ ಮಸಿಯಲ್ಲಿ ಎರಡು ಜಾತಿ. ಒಂದರಲ್ಲಿ ಬಣ್ಣವು ಸಕ್ಕರೆಯಂತೆ ನೀರಿನಲ್ಲಿ ಕರಗಿರುತ್ತದೆ; ಕಾಗದದ ನಾರಿನೊಳಕ್ಕೆ ಇಳಿಯುತ್ತದೆ, ಮತ್ತೆ ನೀರು ತಗಲಿದರೆ ಹೊರಡುತ್ತದೆ. ಇನ್ನೊಂದರಲ್ಲಿ ಬಣ್ಣ ಕರಗಿರುವುದಿಲ್ಲ. ಸೇಡಿ ಕಲಸಿದ ನೀರಿನಲ್ಲಿ ಸೇಡಿಯ ಹುಡಿ ಇರುವಂತೆ, ಅತಿ ಸೂಕ್ಷ್ಮವಾದ ಕಣಗಳಾಗಿ ತೇಲುತ್ತಿರುತ್ತದೆ. ಕಪ್ಪಾದರೆ ಆ ಕಣ ಬಹುಮಟ್ಟಿಗೆ ಇಂಗಾಲವೇ, ಎಂದರೆ ಅಜ್ಜನ ಕಾಡಿಗೆಯ ನಂಟನೇ. ನೀರಿಗೂ ಬಿಸಿಲಿಗೂ ಅದು ಹೆಚ್ಚು ತಡೆಯುತ್ತದೆ. ಕಂಪೆನಿಗಳು ಹಲವು ಯಂತ್ರಗಳಿಗೆ ಕಣದ ಕಪ್ಪನ್ನು ಕೊಡುತ್ತವೆ. ಅದೇ ಯಂತ್ರಕ್ಕೆ ಬರುವ ಅಗ್ಗದ ಕಾರ್ಟ್ರಿಜ್ಜಿನಲ್ಲಿ ಕರಗಿದ ಕಪ್ಪು ಇರುವುದುಂಟು. ಹಾಗೆಂದು ಅಸಲಿ ಎಂದೊಡನೆ ನಂಬುವಂತಿಲ್ಲ. ಮನೆಬಳಕೆಯ ಹಲವು ಪ್ರಿಂಟರುಗಳಲ್ಲಿ ಕಂಪೆನಿಯ ಕಪ್ಪೂ ಕರಗಿದ್ದೇ.

ಯಂತ್ರ ಕೆಡುವುದೇ ಎಂಬ ಭಯ ಬೇರೆ. ಜಪಾನಿನ ಕ್ಯಾನನ್ ಸಂಸ್ಥೆಯಲ್ಲಿ 1977ರಲ್ಲಿ ಕಾದ ಬೆಸುಗೆಯ ಕಡ್ಡಿಯೊಂದು ಮಸಿ ತುಂಬಿದ ಸಿರಿಂಜಿನ ಸೂಜಿಗೆ ತಗಲಿ, ತುದಿಯಿಂದ ಮಸಿ ಚಿಮ್ಮಿತಂತೆ. ಇಂದಿನ ಅನೇಕ ಪ್ರಿಂಟರುಗಳು ನಡೆಯುವುದು ಆ ಉಪಾಯದಿಂದಲೇ: ಕ್ಷಣಾರ್ಧದ ಕಾವಿಗೆ ಗುಳ್ಳೆಯೆದ್ದು, ಕಣ್ಣಿಗೆ ಕಾಣದ ರಂಧ್ರದಿಂದ ಹನಿ ಹಾರುತ್ತದೆ. ಮಸಿ ಮಂದವಾದರೆ ರಂಧ್ರ ಕಟ್ಟುತ್ತದೆ. ಮಸಿಯೇ ಇಲ್ಲದೆ ಓಡಿಸಿದರೆ ಆ ಕಾಯುವ ತುಣುಕು ಸುಟ್ಟುಹೋಗಬಹುದು. ಕೆಲವು ಯಂತ್ರಗಳಲ್ಲಿ ಈ ರಂಧ್ರದ ತಲೆ ಕಾರ್ಟ್ರಿಜ್ಜಿಗೇ ಅಂಟಿಕೊಂಡಿದೆ. ಅಲ್ಲಿ ಅಗ್ಗದ್ದನ್ನು ಪರೀಕ್ಷಿಸಿ ಕೆಟ್ಟರೆ, ಮಸಿ ಸೋರಿ ಹರಡದಿದ್ದಲ್ಲಿ, ಕಾರ್ಟ್ರಿಜ್ ಒಂದೇ ಹೋಗುತ್ತದೆ. ತಲೆ ಯಂತ್ರದಲ್ಲೇ ಇದ್ದರೆ ಯೋಚಿಸಬೇಕು. ವಾರಕ್ಕೊಂದು ಪುಟವಾದರೂ ತೆಗೆಯುತ್ತಿರುವುದು ಎರಡಕ್ಕೂ ಒಳ್ಳೆಯದು.

ಇನ್ನು ಪರರ ಕಾರ್ಟ್ರಿಜ್ಜನ್ನು ಕಂಡೊಡನೆ ಯಂತ್ರ ಮೂಡಿಸುವ ಎಚ್ಚರಿಕೆಯ ಮಾತು. ಅದರಲ್ಲಿ ವಿಜ್ಞಾನಕ್ಕಿಂತ ವ್ಯಾಪಾರ ಹೆಚ್ಚು. ಯಂತ್ರವನ್ನು ಅಗ್ಗವಾಗಿ ಮಾರಿ ಮಸಿಯಲ್ಲಿ ಲಾಭ ಹಿಡಿಯುವುದು ಆ ಉದ್ಯಮದ ರೂಢಿ. ಕಾರ್ಟ್ರಿಜ್ಜಿಗೆ ಚಿಪ್ ಇಟ್ಟು ಕಾವಲು ಕಾಯುವುದು ಅದಕ್ಕಾಗಿಯೇ. 2022ರಲ್ಲಿ ಚಿಪ್ಪಿನ ಅಭಾವವಾದಾಗ ಸ್ವತಃ ಕ್ಯಾನನ್ ಸಂಸ್ಥೆ ಕೆಲವು ಟೋನರ್ ಕಾರ್ಟ್ರಿಜ್ಜುಗಳನ್ನು ಚಿಪ್ ಇಲ್ಲದೆ ಕಳುಹಿಸಿ, ಎಚ್ಚರಿಕೆಯನ್ನು ದಾಟಿ ಮುಂದುವರಿಯುವ ಕ್ರಮವನ್ನು ಗಿರಾಕಿಗಳಿಗೆ ತಾನೇ ತಿಳಿಸಿತು! ಮಾರಿದ ಮೇಲೆ ಕಾರ್ಟ್ರಿಜ್ಜಿನ ಮೇಲೆ ತಯಾರಕನ ಪೇಟೆಂಟಿನ ಹಿಡಿತ ಮುಗಿಯಿತೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ, ಲೆಕ್ಸ್‌ಮಾರ್ಕ್ ಸಂಸ್ಥೆಯ ವ್ಯಾಜ್ಯದಲ್ಲಿ ಹೇಳಿತು. ಬುಡ್ಡಿಯಿಂದ ಮಸಿ ಹೊಯ್ಯುವ ಟ್ಯಾಂಕಿನ ಪ್ರಿಂಟರನ್ನು ಎಪ್ಸನ್ ಸಂಸ್ಥೆ 2010ರಲ್ಲಿ ಮೊದಲು ಮಾರಿದ್ದು ಇಂಡೊನೇಷ್ಯದಲ್ಲಿ. ಅಲ್ಲಿನ ಜನ ಅದಾಗಲೇ ಹೊರಗಿನಿಂದ ಟ್ಯಾಂಕು ಕಟ್ಟಿ ಅಗ್ಗದ ಮಸಿ ಹೊಯ್ಯುತ್ತಿದ್ದರು. ಅಗ್ಗವನ್ನು ಅರಸುವವನು ಯಾವಾಗಲೂ ಮೂರ್ಖನಲ್ಲ.

ನಾನೂ ಅಗ್ಗದ ಕಾರ್ಟ್ರಿಜ್ಜನ್ನು ಬಿಟ್ಟಿಲ್ಲ. ಮೊಮ್ಮಕ್ಕಳ ಪಾಠ, ಬಸ್ಸಿನ ಟಿಕೇಟು, ಓದಿ ಬಿಸಾಡುವ ಕಾಗದ ಇವಕ್ಕೆ ಅದು ಸಾಕು. ಹೊಸದನ್ನು ಹಾಕಿದಾಗ ಮಾತ್ರ ಒಂದು ಸಾಲು ಅಚ್ಚು ತೆಗೆದು, ಒಂದು ದಿನ ಒಣಗಿಸಿ, ಮೇಲೊಂದು ಹನಿ ನೀರು ಬಿಡುತ್ತೇನೆ. ಹನಿಯ ಸುತ್ತ ಬಣ್ಣದ ಬಳೆ ಎದ್ದರೆ ಅದು ಎಂಥ ಕಪ್ಪೆಂದು ತಿಳಿಯಿತು. ಇನ್ನೊಂದು ಸಾಲನ್ನು ಅರ್ಧ ಮುಚ್ಚಿ ಕಿಟಕಿಯಲ್ಲಿಟ್ಟರೆ ಒಂದೆರಡು ತಿಂಗಳಲ್ಲಿ ಬಿಸಿಲಿನ ತೀರ್ಪೂ ಸಿಕ್ಕುತ್ತದೆ. ಉಳಿಯಬೇಕಾದ ಬರೆಹವನ್ನು ಪುತ್ತೂರಿಗೆ ಒಯ್ದು ಲೇಸರಿನಲ್ಲಿ ತೆಗೆಸುತ್ತೇನೆ. ಅದರ ಮಸಿ ದ್ರವವಲ್ಲ, ಕಾವಿಗೆ ಕರಗಿ ಕಾಗದವನ್ನು ಕಚ್ಚಿಕೊಳ್ಳುವ ಹುಡಿ. ಪ್ರಸಂಗದ 80 ಪುಟಗಳನ್ನೂ ಹಾಗೆಯೇ ಮತ್ತೆ ತೆಗೆಸಿದ್ದೇನೆ. ಭಾಗವತರು ತಿದ್ದಿದ ಕಡೆಗಳಲ್ಲಿ ಸಾಲುಗಳ ನಡುವೆ ಜಾಗ ಬಿಟ್ಟಿದೆ. ಈವರೆಗೆ ನನಗೆ ನೆನಪಾದುವು 17. ಅವನ್ನು ಪೆನ್ಸಿಲಿನಿಂದ ಬರೆದಿದ್ದೇನೆ.